ನಾನಿನ್ನು ಬರ್ತೇನೆ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಬರೆಯುವವಳಿಗೆ ಇನ್ನೂ ಹೊಳೆದಿಲ್ಲ. ಲೋಕಲ್ ರೈಲಿನ ದಿವಾ ಸ್ಟೇಷನ್ನಿನ ಬ್ರಿಜ್ಜಿನಿಂದ ಶುರು ಮಾಡಿದರೆ ಓದುವವರು ಅಲ್ಲಿನ ಜನರ ಗರ್ದಿಯಲ್ಲಿ ಕಳೆದುಹೋಗುತ್ತಾರೆ. ಮೊಬೈಲಿನಿಂದ ಶುರು ಮಾಡಿದರೆ ಮತ್ತೆ ಮೊಬೈಲಾ ಎಂದು ಪುಟ ತಿರುಗಿಸುತ್ತಾರೆ. (ಪುಟವೆಲ್ಲಿ ಬಂತು, ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾರೆ.) ಹಾಗಾಗಿ ಒಂದು ಹೆಬ್ಬೆಟ್ಟಿನಿಂದ ಶುರು ಮಾಡೋಣ.

ಹೆಬ್ಬೆಟ್ಟು ಹಳದಿ ಬಣ್ಣದ್ದು. ಶನಿವಾರ ಸಂಜೆ ಏಳು ಹತ್ತಕ್ಕೆ ಶ್ರದ್ಧಾಳ ಫೋನಿಗೆ ಬಂದು ನಿಂತಿತು. ಕಳಿಸಿದವನು ಸಮಿತ್, ರಬಾಳೆಯ ಬಟ್ಟೆ ಕಂಪನಿಯಲ್ಲಿ ಅವಳ ಸೂಪರ್‌ವೈಸರ್. ಹಿಂದೆ ಮುಂದೆ ಒಂದಕ್ಷರ ಇಲ್ಲ.

2 (ಹೊಡೆದು ಹಾಕಿದ್ದು)

"ಶ್ರದ್ಧಾ ನೇರವಾಗಿ ಸಮಿತನ ಕ್ಯಾಬಿನ್ನಿಗೆ ಹೋಗಿ, ಸೋಮವಾರದಿಂದ ನಾನು ಕೆಲಸಕ್ಕೆ ಬರುವುದಿಲ್ಲ ಎಂದಳು."

ಬರೆಯುವವಳು ಇಷ್ಟು ಬರೆದದ್ದೇ, ಶ್ರದ್ಧಾ ಮುಖ ಮೇಲೆತ್ತದೆ ಕೇಳಿದಳು: "ಅಕ್ಕಾ, ನಾನು ಹಾಗೆ ಹೇಳುವವಳಾಗಿದ್ರೆ ನಿಮಗೆ ಕಥೆ ಎಲ್ಲಿ ಸಿಗ್ತಿತ್ತು?"

ಮಾತು ನಿಜ. ಆ ಸಾಲು ಹೋಯಿತು.

3

ನಡೆದದ್ದು ಹೀಗೆ. ಶ್ರದ್ಧಾ ಮೂರು ವರ್ಷದಿಂದ ಟೇಬಲ್ ನಾಲ್ಕರಲ್ಲಿ ಕೂತು ಕುರ್ತಾಗಳ ಸಡಿಲ ದಾರ ಕಿತ್ತು ತೆಗೆಯುತ್ತಿದ್ದಾಳೆ. ಮೊದಲು ಅದೇ ಕಂಪನಿಯಲ್ಲಿದ್ದು ಈಗ ಡೊಂಬಿವಿಲಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿರುವ ಜ್ಯೋತ್ಸ್ನಕ್ಕ ಅವಳನ್ನು ಕರೆದಿದ್ದಾಳೆ.

"ದಾರ ಕೀಳುದು ಸಾಕು ಮಾರಾಯ್ತಿ. ಕೈಗೆ ಕತ್ತರಿ ಕೊಡ್ತೇನೆ, ಕಟಿಂಗ್ ಕಲಿ. ಸೋಮವಾರ ಹತ್ತು ಗಂಟೆಗೆ ಬಾ. ಬರದಿದ್ರೆ ಆ ಅನುಷ್ಕಾನ ಕೂರಿಸ್ತೇನೆ, ಅವಳು ದಿನಾ ಕೇಳ್ತಾಳೆ."

ಕತ್ತರಿ ಎಂಬ ಶಬ್ದ ಕೇಳಿ ಶ್ರದ್ಧಾಳಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಜ್ವರವೇ ಬಂತು. ಎರಡು ದಿನ ರಜೆಯಾಯಿತು. ಶನಿವಾರ ಹಾಸಿಗೆಯಲ್ಲೇ ಕೂತು ಸಮಿತನಿಗೆ ಮೆಸೇಜ್ ಬರೆದಳು. ಹನ್ನೊಂದು ಸಲ ಬರೆದು ಅಳಿಸಿದಳು. (ಬರೆಯುತ್ತಿರುವುದು ಆ ಕಡೆಯವರಿಗೆ ಕಾಣುತ್ತದೆ, ಅಳಿಸುತ್ತಿರುವುದು ಮಾತ್ರ ಕಾಣುವುದಿಲ್ಲ. ಇದನ್ನು ಮಾಡಿದವನ್ಯಾರೋ ನಾಚಿಕೆ ಎಂದರೇನೆಂದು ತಿಳಿಯದವನು.) ಕೊನೆಗೆ ಕಳಿಸಿದ್ದು ಇಷ್ಟು:

"ಸರ್, ಇಷ್ಟು ದಿನ ಚೆನ್ನಾಗಿ ನೋಡಿಕೊಂಡಿರಿ. ತಪ್ಪಾಗಿದ್ದರೆ ಕ್ಷಮಿಸಿ. ನಾನಿನ್ನು ಬರ್ತೇನೆ."

ನಿಮಗೆ ಅರ್ಥವಾಯಿತಲ್ಲ? ಕೆಲಸ ಬಿಟ್ಟಳು ಅಂತ. ಅವಳ ತಾಯಿ ಲೋಲಾಕ್ಷಿ ಅವಳನ್ನು ಬೆಳೆಸಿದ್ದೇ ಹಾಗೆ: "ಹೋಗ್ತೇನೆ ಹೇಳ್ಬಾರ್ದು ಮಗಾ. ಹೋದವರು ಹೋಗಿಯೇ ಬಿಡ್ತಾರೆ. ನಾವು ಬರ್ತೇನೆ ಹೇಳುದು." ಮನೆಯ ತುಳುವಿನಲ್ಲಿ 'ಬರ್ಪೆ', ಪಕ್ಕದ ಖೋಲಿಯ ಮನೆಯವರ ಮರಾಠಿಯಲ್ಲಿ 'ಯೇತೆ'. ಕಂಪನಿಯ ಹಿಂದಿ ಬಿಟ್ಟರೆ ಅವಳ ಬಳಿ ಮೂರು ಭಾಷೆಯಿದೆ, ಹೋಗುವುದಕ್ಕೆ ಒಂದರಲ್ಲೂ ಶಬ್ದವಿಲ್ಲ.

ಅದಕ್ಕೆ ಉತ್ತರವಾಗಿ ಬಂದದ್ದು ಹೆಬ್ಬೆಟ್ಟು.

4

ಈ ಹೆಬ್ಬೆಟ್ಟಿನ ಬಗ್ಗೆ ಶ್ರದ್ಧಾಳಿಗೆ ಹಳೆಯ ಸಿಟ್ಟಿದೆ. ಅವಳು ಶಾಲೆ ಬಿಟ್ಟಾಗ "ಹೆಬ್ಬೆಟ್ಟಾಗ್ತೀಯಾ ನೀನು" ಎಂದು ಬೈದವರೇ, ಡಿಗ್ರಿ ಮಾಡಿದವರೇ, ಇವತ್ತು ಬರೆದದ್ದಕ್ಕೆಲ್ಲ ಹೆಬ್ಬೆಟ್ಟು ಒತ್ತುತ್ತಾರೆ. ಅದರ ಅರ್ಥ ಒಪ್ಪಿದೆ ಎಂದೋ, ನೋಡಿದೆ ಎಂದೋ, ಸಾಕು ಸುಮ್ಮನಿರು ಎಂದೋ?

ಆ ರಾತ್ರಿಗೆ ಅವಳು ಒಪ್ಪಿದೆ ಎಂದೇ ಅರ್ಥ ಮಾಡಿಕೊಂಡಳು. ಚೆನ್ನಾಗಿ ಮಲಗಿದಳು. (ಕಥೆಯಲ್ಲಿ ಅವಳು ಚೆನ್ನಾಗಿ ಮಲಗುವುದು ಇದೊಂದೇ ಸಲ, ಇರಲಿ ಬಿಡಿ.)

ಭಾನುವಾರ ಸಂಜೆ ಕಂಪನಿಯ ಗ್ರೂಪಿನಲ್ಲಿ ವಾರದ ಪಟ್ಟಿ ಬಂತು. ಟೇಬಲ್ ನಾಲ್ಕು, ಸೋಮವಾರ ಒಂಬತ್ತು ಗಂಟೆ: ಶ್ರದ್ಧಾ. ಕೆಳಗೆ ಸ್ಟೋರಿನ ಅಭಿಜಿತ್ ಬರುತ್ತಾಳಾ ಎಂದು ಕೇಳಿದ್ದ, "ಶ್ರದ್ಧಾ ಆ ರಹೀ ಹೈ ಕ್ಯಾ?" ಸಮಿತ್ ಬರೆದಿದ್ದ, "ಹಾಂ. ಉಸ್ಕಾ ಮೆಸೇಜ್ ಆಯಾ. ಐ ವಿಲ್ ಕಮ್ ನೌ."

ಸಮಿತ್ ಉಡುಪಿ ಕಡೆಯವರ ಮಗ, ಹುಟ್ಟಿದ್ದು ಕಲ್ಯಾಣಿನಲ್ಲಿ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು; ಅದು ಶ್ರದ್ಧಾಳಿಗೆ ಗೊತ್ತಿರಲಿಲ್ಲ. ಮೆಸೇಜನ್ನು ಫೋನಿಗೆ ತಿನ್ನಿಸಿ ಇಂಗ್ಲಿಷ್ ಮಾಡಿಸಿಕೊಂಡಿದ್ದಾನೆ. ಎರಡು ದಿನ ರಜೆ ಹಾಕಿದ ಹುಡುಗಿ ಕ್ಷಮೆ ಕೇಳಿ ಇನ್ನು ಬರುತ್ತೇನೆ ಎಂದಿದ್ದಾಳೆ, ಒಳ್ಳೆಯದು, ಹೆಬ್ಬೆಟ್ಟು. ಅವನದೇನೂ ತಪ್ಪಿಲ್ಲ. ಫೋನಿನದೂ ತಪ್ಪಿಲ್ಲ, ಅದಕ್ಕೆ ತಾಯಿ ಇಲ್ಲ.

5

ಹೋಗದಿದ್ದರಾಯಿತು, ಅದರಲ್ಲೇನು ಎನ್ನುತ್ತೀರಿ. ಬರೆಯುವವಳೂ ಅದನ್ನೇ ಹೇಳಿದಳು.

ಶ್ರದ್ಧಾ ದುಪಟ್ಟಾದ ಸಡಿಲ ದಾರವೊಂದನ್ನು ಕಿತ್ತಳು. ಆಮೇಲೆ ಹೇಳಿದಳು, "ಶಾಲೆ ನಾನು ಹಾಗೇ ಬಿಟ್ಟದ್ದು."

ಒಂಬತ್ತನೇ ಕ್ಲಾಸು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಹೋಗಲಿಲ್ಲ, ಅಷ್ಟೆ. ಶಾಲೆಯಲ್ಲಿ ಯಾರಿಗೂ ಹೇಳಲಿಲ್ಲ, ಅಲ್ಲಿಂದ ಯಾರೂ ಕೇಳಲಿಲ್ಲ. ಒಂದು ದಿನ ಕ್ಲಾಸಿನ ಸೌಜನ್ಯ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಿ ಹೇಳಿದಳು: "ಟೀಚರ್ ದಿನಾ ನಿನ್ನ ಹೆಸರು ಕರೀತಾರೆ. ಒಂದು ತಿಂಗಳಾಯ್ತು. ಕರೆದು ಬೆಂಚು ನೋಡ್ತಾರೆ. ನಾವೆಲ್ಲ ಸುಮ್ಮನೆ ಕೂತಿರ್ತೇವೆ."

ಖಾಲಿ ಬೆಂಚಿನ ಮೇಲೆ ಬೀಳುವ ಆ ಹೆಸರು ಶ್ರದ್ಧಾಳಿಗೆ ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ. ಒಂದು ಜಾಗದಿಂದಾದರೂ ಹೇಳಿ ಹೊರಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

6 (ಒಂದು ಕೊನೆ)

ಸೋಮವಾರ ಅವಳು ರಬಾಳೆಗೇ ಹೋದಳು. ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಮಷೀನು ಮೊದಲ ಸಲಕ್ಕೇ ಅವಳನ್ನು ಗುರುತಿಸಿ ಥ್ಯಾಂಕ್ ಯೂ ಎಂದಿತು. ಅವಳು ಟೇಬಲ್ ನಾಲ್ಕರಲ್ಲಿ ಕೂತಳು.

"ಸುಳ್ಳು," ಎಂದಳು ಶ್ರದ್ಧಾ. "ಅದಕ್ಕೆ ನಾನು ಆರು ಸಲ ಮುಖ ತೋರಿಸ್ಬೇಕು. ಲುಕ್ ಅಪ್, ಲುಕ್ ಅಪ್ ಹೇಳಿ ಎಲ್ಲರೆದುರು ಬೊಬ್ಬೆ ಹೊಡೀತದೆ. ನಾನು ಅಮ್ಮನನ್ನೇ ಅಷ್ಟು ನೇರ ನೋಡುದಿಲ್ಲ."

7 (ಇನ್ನೊಂದು ಕೊನೆ)

ಅವಳು ಲೋಕಲ್ಲಿನಿಂದ ಸಮಿತನಿಗೆ ಫೋನ್ ಮಾಡಿದಳು. ಹೇಳಬೇಕಾದ ಮಾತು ನಾಲಿಗೆಗೆ ಬರುವಷ್ಟರಲ್ಲಿ ರೈಲು ಪಾರ್ಸಿಕ್ ಸುರಂಗದೊಳಗೆ ಹೋಗಿ ನೆಟ್‌ವರ್ಕ್ ಕಡಿಯಿತು.

"ನಮ್ಮ ಲೋಕಲ್ ಈಗ ಸುರಂಗದಲ್ಲಿ ಹೋಗುದಿಲ್ಲ ಅಕ್ಕಾ. ನಿಮಗೆ ಕಥೆ ಮುಗಿಸ್ಲಿಕ್ಕೆ ಗೊತ್ತಾಗದಿದ್ರೆ ಸುರಂಗ ತರ್ಬೇಡಿ."

8

ಸೋಮವಾರ ಬೆಳಿಗ್ಗೆ ಏಳು ಐವತ್ತು, ದಿವಾ ಸ್ಟೇಷನ್ನಿನ ಬ್ರಿಜ್ಜು. ಠಾಣೆಗೆ ಹೋಗುವ ಗಾಡಿಯ ಕಡೆ ಇಳಿದರೆ ರಬಾಳೆಯ ಕಂಪನಿ, ಡೊಂಬಿವಿಲಿಯ ಕಡೆ ಇಳಿದರೆ ಕತ್ತರಿ. ಶ್ರದ್ಧಾ ಕಂಬಕ್ಕೆ ಒತ್ತಿ ನಿಂತಿದ್ದಾಳೆ. ಜನ ಅವಳನ್ನು ಎರಡೂ ಕಡೆಗೆ ನೂಕುತ್ತಿದ್ದಾರೆ. ಈಗ ಯಾರಿಗೂ ನೇರ ಫೋನ್ ಮಾಡಬಾರದಂತೆ, ಮಾಡಬಹುದಾ ಎಂದು ಮೊದಲು ಮೆಸೇಜಿನಲ್ಲಿ ಕೇಳಬೇಕಂತೆ. ಕೇಳಿದರೆ ಮತ್ತೆ ಹೆಬ್ಬೆಟ್ಟು ಬರುತ್ತದೆಂಬ ಭಯಕ್ಕೆ ಅವಳು ನೇರವಾಗಿಯೇ ಮಾಡಿದಳು.

"ಹಾಂ, ಬೋಲ್ ಶ್ರದ್ಧಾ."

"ಸರ್, ಮೈಂ... ಮೈಂ ಜಾ ರಹೀ ಹೂಂ."

"ಕಹಾಂ?"

ಎಲ್ಲಿಗೆ ಎಂದು ಕೇಳುತ್ತಾರೆಂದು ಅವಳು ಯೋಚಿಸಿಯೇ ಇರಲಿಲ್ಲ. ಬರೆಯುವವಳೂ ಯೋಚಿಸಿರಲಿಲ್ಲ. ಕೆಳಗೆ ಯಾವುದೋ ಗಾಡಿ ಬಂತು, ಬ್ರಿಜ್ಜು ನಡುಗಿತು. ಮೂರು ಭಾಷೆಯಲ್ಲಿ ಹುಡುಕಿದಳು, ಯಾವ ನಯದ ಶಬ್ದವೂ ಸಿಗಲಿಲ್ಲ. ಕಣ್ಣು ಮುಚ್ಚಿ, ತಾಯಿ ಆಡಬಾರದೆಂದ ಮಾತನ್ನೇ ಆಡಿದಳು.

"ಸರ್, ನಾನು ಹೋಗ್ತೇನೆ."

ಆ ಕಡೆ ಕುಕ್ಕರ್ ಕೂಗಿತು. ಸಮಿತ್ ಅದರ ಮೇಲೆ ದನಿ ಏರಿಸಿದ.

"ಏಯ್. ಹೋಗ್ತೇನೆ ಮತ್ ಬೋಲ್. ಮಮ್ಮಿ ಬಹುತ್ ಚಿಲ್ಲಾತೀ ಹೈ ಇಸ್ ಪೇ." ಅವನ ಮನೆಯಲ್ಲೂ ಆ ಮಾತಾಡಿದರೆ ತಾಯಿ ಬೈಯುತ್ತಾಳಂತೆ. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ಎಡವುತ್ತ ಎಡವುತ್ತ ಕನ್ನಡದಲ್ಲಿ: "ಬರ್ತೇನೆ... ಹೇಳ್ಬೇಕು. ಅಲ್ವಾ?"

ಶ್ರದ್ಧಾ ಕಣ್ಣು ತೆರೆದಳು. "ಹೌದು ಸರ್. ಬರ್ತೇನೆ."

"ಹಾಂ. ಠೀಕ್ ಹೈ."

ಫೋನ್ ಇಟ್ಟ. ಮರುಕ್ಷಣ ಪರದೆಯ ಮೇಲೆ ಹಳದಿ ಹೆಬ್ಬೆಟ್ಟು.

9

"ಅಕ್ಕಾ, ಅವರಿಗೆ ಅರ್ಥ ಆಯ್ತಾ?"

"ಗೊತ್ತಿಲ್ಲ."

"ಬರೆಯುದು ನೀವಲ್ವಾ?"

"ಬರೆಯುದು ನಾನು. ಹೆಬ್ಬೆಟ್ಟು ಅವನದು."

"ಒಂಬತ್ತು ಗಂಟೆಗೆ ನನ್ನ ಹೆಸರು ಕರೀತಾರಾ?"

ಅದೂ ಬರೆಯುವವಳಿಗೆ ಗೊತ್ತಿಲ್ಲ. ಸಮಿತ್ ಪಟ್ಟಿ ತಿದ್ದುತ್ತಿರಬಹುದು. ಶ್ರದ್ಧಾ ಬರುತ್ತಾಳೆಂದು ಟೇಬಲ್ ನಾಲ್ಕನ್ನು ಒರೆಸಿಡಲು ಹೇಳುತ್ತಿರಲೂಬಹುದು. ನಿಮಗೆ ಯಾವುದು ಸಮಾಧಾನವೋ ಅದನ್ನಿಟ್ಟುಕೊಳ್ಳಿ. ಬರೆಯುವವಳಿಗಂತೂ ಎರಡರಲ್ಲೂ ಸಮಾಧಾನವಿಲ್ಲ.

ಶ್ರದ್ಧಾ ಮಾತ್ರ ಫೋನನ್ನು ಪರ್ಸಿನೊಳಗೆ ಹಾಕಿ ಜಿಪ್ ಎಳೆದಳು. "ಇರ್ಲಿ. ಶಾಲೆಯಲ್ಲಿ ಇಷ್ಟೂ ಹೇಳಿರ್ಲಿಲ್ಲ ನಾನು," ಎಂದಳು. ದುಪಟ್ಟಾ ಬಿಗಿ ಮಾಡಿಕೊಂಡಳು. ಡೊಂಬಿವಿಲಿಯ ಕಡೆಯ ಮೆಟ್ಟಿಲಿಗೆ ಎರಡು ಹೆಜ್ಜೆ ಇಟ್ಟು, ಏನೋ ನೆನಪಾದವಳಂತೆ ತಿರುಗಿದಳು. ಮುಖ ಮೇಲೆತ್ತಿ ಬರೆಯುವವಳನ್ನು ನೇರವಾಗಿ ನೋಡಿದಳು.

"ಬರ್ತೇನೆ ಅಕ್ಕಾ."

ಬರೆಯುವವಳು ಪೆನ್ನು ಕೆಳಗಿಟ್ಟಳು. ಹೆಬ್ಬೆಟ್ಟು ಎತ್ತಿ ತೋರಿಸಿದಳು.