ಸ್ವಾಗತಿಸುತ್ತಾ, ವಿನಂತಿಸಿಕೊಳ್ಳುವುದೇನೆಂದರೆ

ತಂಗಿ ಬಂದವಳೇ ಟೈಪ್‌ರೈಟರಿನಿಂದ ಅರ್ಧ ಟೈಪಾಗಿದ್ದ ಹಾಳೆಯನ್ನು ಪರ್ರನೆ ಎಳೆದು, ಆ ಜಾಗಕ್ಕೆ ಅವತ್ತಿನ ಪೇಪರಿನ ಮೊದಲ ಪುಟವನ್ನು ತುರುಕಿದಳು.

"ಓದು. ನಿನ್ನ ಹತ್ತು ಬೆರಳು ಏನು ಘನಕಾರ್ಯ ಮಾಡಿವೆ, ಓದು."

"ಅಯ್ಯೋ ನನ್ನ ಪಿಂಚಣಿ ಅರ್ಜಿ!" ಎಂದು ಪಕ್ಕದ ಸ್ಟೂಲಿನ ಮೇಲಿದ್ದ ಮುದುಕಿ ಬಾಯಿ ಬಿಟ್ಟಳು. ಅವಳನ್ನು ಕೇಳುವವರಿರಲಿಲ್ಲ.

ಅಕ್ಕ ಕನ್ನಡಕ ಏರಿಸಿಕೊಂಡಳು. 'ಹವಾಮಾನ ಕಾಯ್ದೆ ಸಡಿಲಿಕೆಗೆ ಜನರ ಭಾರಿ ಬೆಂಬಲ.' ಕೆಳಗೆ ಸಣ್ಣಕ್ಷರದಲ್ಲಿ: ಸಾರ್ವಜನಿಕರಿಂದ ಬಂದ ಆರು ಸಾವಿರ ಪತ್ರಗಳಲ್ಲಿ ಐದು ಸಾವಿರದ ನಾನೂರು ಪತ್ರಗಳು ಸರ್ಕಾರದ ನಿರ್ಧಾರವನ್ನು ತುಂಬು ಹೃದಯದಿಂದ ಸ್ವಾಗತಿಸಿವೆ, ಸೋಮವಾರ ತಿದ್ದುಪಡಿಗೆ ಸಹಿ ಬೀಳಲಿದೆ.

'ತುಂಬು ಹೃದಯ'ದ ಹತ್ತಿರ ಬಂದಾಗ ಅವಳ ಕಣ್ಣು ಅಲ್ಲೇ ನಿಂತಿತು. ಆ ಹೃದಯ ಅವಳದೇ.

ಸರ್ಕಾರಿ ಕಚೇರಿಯ ಗೇಟಿನ ಪಕ್ಕ, ತಗಡಿನ ಮಾಡಿನ ಕೆಳಗೆ ಅವಳು ಮೂವತ್ತು ವರ್ಷದಿಂದ ಅರ್ಜಿ ಬರೆದುಕೊಂಡು ಬಂದವಳು. ಅವಳ ಯಾವ ಅರ್ಜಿಯೂ 'ವಿನಂತಿಸಿಕೊಳ್ಳುವುದೇನೆಂದರೆ' ಇಲ್ಲದೆ ಮುಂದಕ್ಕೆ ಹೋದದ್ದಿಲ್ಲ. ಹಾಗಾಗಿ ಊರಿಗೆಲ್ಲ ಅವಳು ಏನೆಂದರಕ್ಕ. ಮೊದಲ ಸಾಲಲ್ಲಿ ಕೈಮುಗಿ, ಮೂರನೇ ಸಾಲಲ್ಲಿ ಬೇಡಿಕೆ ಇಡು ಎಂದು ಅಪ್ಪ ಕಲಿಸಿದ್ದ. ಅವನದೂ ಇದೇ ಕಸುಬು, ಇದೇ ಮೇಜು. ಆ ಕೈಮುಗಿತದಿಂದ ಎಷ್ಟೋ ಮನೆಗೆ ನಲ್ಲಿ ಬಂದಿತ್ತು, ಎಷ್ಟೋ ಸತ್ತವರು ದಾಖಲೆಯಲ್ಲೂ ಸತ್ತಿದ್ದರು, ಬದುಕಿದ್ದೂ ಸತ್ತವರೆಂದು ಬರೆಸಿಕೊಂಡಿದ್ದ ಇಬ್ಬರು ಮತ್ತೆ ಹುಟ್ಟಿದ್ದರು.

ಈ ಸಲದ ಅರ್ಜಿಯೂ ಅವಳದೇ. ಹಳೆಯ ಕಾಯ್ದೆಯಲ್ಲಿ 'ಕಲ್ಲಿದ್ದಲಿನ ವಿದ್ಯುತ್ ಘಟಕವನ್ನು ಬರುವ ವರ್ಷದೊಳಗೆ ಮುಚ್ಚತಕ್ಕದ್ದು' ಎಂದಿತ್ತು. ತಿದ್ದುಪಡಿಯಲ್ಲಿ ಅದು 'ಮುಚ್ಚಬಹುದು' ಆಯಿತು. ತಕ್ಕದ್ದು ಹೋಗಿ ಬಹುದು ಬಂತು, ಅಷ್ಟೇ. ಅಷ್ಟಕ್ಕೇ ಘಟಕದ ಕೆಳಗಿನ ಬೀದಿಗಳು ಸಿಟ್ಟಿನಿಂದ ಹೊತ್ತಿಕೊಂಡವು. ಎರಡು ವರ್ಷದಲ್ಲಿ ಮೂರು ಸಲ ಹೊಳೆ ಆ ಬೀದಿಗಳ ಒಳಗೆ ಬಂದು, ಅಡುಗೆಮನೆಗಳನ್ನು ನೋಡಿಕೊಂಡು ಹೋಗಿತ್ತು. ತಂಗಿಯ ಲಾಂಡ್ರಿ ಇದ್ದದ್ದು ಅಲ್ಲೇ. ಒಗೆದು ಹರವಿದ ಆಸ್ಪತ್ರೆಯ ಬಿಳಿ ಹಾಸುಗಳು ಒಣಗುವಷ್ಟರಲ್ಲಿ ಬೂದಿಬಣ್ಣಕ್ಕೆ ತಿರುಗುತ್ತಿದ್ದವು. ಮುಂದಿನ ವರ್ಷ ಮುಚ್ಚುತ್ತಾರಲ್ಲ ಎಂದು ಹಲ್ಲು ಕಚ್ಚಿ ಒಂದೊಂದು ಹಾಸನ್ನೂ ಎರಡೆರಡು ಸಲ ಒಗೆಯುತ್ತಿದ್ದಳು. ಆಕ್ಷೇಪಣೆ ಕಳಿಸಲು ಸರ್ಕಾರ ಹದಿನೈದು ದಿನ ಕೊಟ್ಟಾಗ ಅಕ್ಕನ ಮುಂದೆ ಬಂದು ಕೂತವಳೂ ಅವಳೇ. ಅಕ್ಕ ಒಂದು ಮಾದರಿ ಟೈಪ್ ಮಾಡಿಕೊಟ್ಟಳು. ಜೆರಾಕ್ಸ್ ಅಂಗಡಿಯವನು ನಗುತ್ತಾ ಸಾವಿರಗಟ್ಟಲೆ ತೆಗೆದ. ಬೀದಿಬೀದಿಯ ಜನ ಸಾಲಾಗಿ ನಿಂತು ಸಹಿ ಹಾಕಿ ಅಂಚೆಗೆ ಹಾಕಿದರು.

"ಘನ ಸರ್ಕಾರದ ನಿರ್ಧಾರವನ್ನು ತುಂಬು ಹೃದಯದಿಂದ ಸ್ವಾಗತಿಸುತ್ತಾ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ..." ಎಂದು ಬೆನ್ನ ಹಿಂದೆ ಯಾರೋ ರಾಗವಾಗಿ ಓದಿದರು. ವೆಲ್ಡಿಂಗಿನವನು. ಅವನ ಹಿಂದೆ ಇನ್ನೂ ಏಳೆಂಟು ಜನ ಸೇರಿಯಾಗಿತ್ತು.

"ಏನೆಂದರಕ್ಕ, ನನ್ನ ಮದುವೆ ಮಾತುಕತೆಗೂ ನೀವೇ ಬರೆದುಕೊಟ್ಟಿದ್ರಿ. ಆ ಹುಡುಗಿನೂ ಹೀಗೇ ತಪ್ಪು ತಿಳ್ಕೊಂಡು ಒಪ್ಪಿದ್ಲಾ ಅಂತ ಈಗ ಅನುಮಾನ."

"ಸುಮ್ನಿರೋ, ಅವಳು ನಿನ್ನ ಮುಖ ನೋಡಿ ಅಲ್ಲ, ಅರ್ಜಿ ನೋಡಿ ಒಪ್ಪಿದ್ದು," ಎಂದ ಬಸ್ ಡ್ರೈವರ್.

ಎಲ್ಲರೂ ನಕ್ಕರು. ನಗು ಬೇಗ ಒಣಗಿತು.

"ಮೂರನೇ ಸಾಲಲ್ಲಿ ಸರಿಯಾಗೇ ಬರೆದಿದ್ದೀನಲ್ಲ," ಅಂದಳು ಅಕ್ಕ. "ತಿದ್ದುಪಡಿ ಕೈಬಿಡಬೇಕು ಅಂತ."

"ಮೂರನೇ ಸಾಲಿನವರೆಗೆ ಯಾವನು ಓದ್ತಾನಮ್ಮಾ?" ವೆಲ್ಡಿಂಗಿನವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನಮ್ಮ ಮನೆಯಲ್ಲಿ ಐದು ಸಹಿ ಹೋಗಿದೆ. ಐದೂ ಜನ ತುಂಬು ಹೃದಯದಿಂದ ಹೊಗೆ ಕುಡಿಯೋಕೆ ಒಪ್ಪಿದ್ದೀವಿ."

ಅಕ್ಕ ಟೈಪ್‌ರೈಟರಿಗೆ ಮುಸುಕು ಹಾಕಿ ಎದ್ದಳು. "ಬಾ," ಎಂದಳು ತಂಗಿಗೆ. ಮೂವತ್ತು ವರ್ಷದಲ್ಲಿ ಅವಳ ಅಕ್ಷರ ದಿನಾ ಆ ಗೇಟಿನೊಳಗೆ ಹೋಗಿತ್ತು. ಅವಳು ಹೋದದ್ದು ಕಡಿಮೆ.

ಮೇಲಿನ ಮಹಡಿಯ ಅಧಿಕಾರಿ ಎಳೆಯ ವಯಸ್ಸಿನವನು, ಮರ್ಯಾದಸ್ಥ. ಎದ್ದು ನಿಂತು ಇಬ್ಬರಿಗೂ ಕುರ್ಚಿ ತೋರಿಸಿದ. ಅವನ ಹಿಂದೆ ಗೋಡೆಯುದ್ದಕ್ಕೂ ಹಗ್ಗ ಬಿಗಿದ ಕಟ್ಟುಗಳಿದ್ದವು. ಮೇಲಿನ ಹಾಳೆಯ ಮೊದಲ ಸಾಲು ದೂರದಿಂದಲೇ ಅವಳಿಗೆ ಗುರುತು ಸಿಕ್ಕಿತು. ತನ್ನ ಟೈಪ್‌ರೈಟರಿನ ಸೊಟ್ಟ 'ಸ್ವಾ'.

"ನಾಲ್ಕು ಜನ, ಆರು ಸಾವಿರ ಪತ್ರ, ಐದು ದಿನ," ಎಂದ ಅಧಿಕಾರಿ. "ಮೊದಲ ವಾಕ್ಯ ನೋಡಿ ವಿಂಗಡಿಸಿ ಅಂತ ಮೇಲಿಂದ ಬಂದಿತ್ತು. ನನಗೂ ಬೇಜಾರಾಯ್ತಮ್ಮ, ನಿಜವಾಗಿ."

"ಹಾಗಾದ್ರೆ ಈಗ ಬೇರೆ ಮಾಡಿ ಸಾರ್. ಬರೆದವಳು ನಾನು. ಇವೆಲ್ಲ ಆಕ್ಷೇಪಣೆ ಅಂತ ನಾನೇ ಹೇಳ್ತಿದ್ದೀನಿ. ಸೋಮವಾರಕ್ಕೆ ಇನ್ನೂ ಮೂರು ದಿನ ಇದೆ."

"ಮಾಡಬಹುದು." ಅವನು ಮೇಜಿನ ಮೇಲಿದ್ದ ಸುತ್ತೋಲೆಯನ್ನು ತಿರುವಿದ. "ಆದರೆ ಒಂದೇ ಒಕ್ಕಣೆಯ ಆಕ್ಷೇಪಣೆ ಎಷ್ಟೇ ಬಂದರೂ ಒಂದೇ ಅಂತ ಲೆಕ್ಕ. ನಿಯಮ ಹಾಗಿದೆ."

ತಂಗಿ ಮುಂದಕ್ಕೆ ಬಾಗಿದಳು. "ಅಂದ್ರೆ ಐದು ಸಾವಿರದ ನಾನೂರು ಸೇರಿ ಒಂದಾ?"

"ಒಂದು."

"ಬೆಂಬಲ ಅಂದಾಗ ಐದು ಸಾವಿರದ ನಾನೂರು ಹೇಗಾಯ್ತು?"

"ಬೆಂಬಲಕ್ಕೆ ಆ ನಿಯಮ ಇಲ್ಲಮ್ಮ."

ಅಕ್ಕ ಆ ಕಟ್ಟುಗಳನ್ನೇ ನೋಡಿದಳು. ಓದು ಬಾರದ ಎಷ್ಟು ಜನ ಅವಳ ಮಾತು ನಂಬಿ ಹೆಬ್ಬೆಟ್ಟು ಒತ್ತಿದ್ದರು! 'ಏನು ಬರ್ದಿದ್ದೀಯಕ್ಕಾ' ಎಂದು ಕೇಳಿದವರೂ ಇರಲಿಲ್ಲ. ಏನೆಂದರಕ್ಕ ಬರೆದಳೆಂದರೆ ಆಯಿತು, ಅಷ್ಟೇ. ಅಪ್ಪ ಕಲಿಸಿದ್ದು ತಪ್ಪೇ? ಅಪ್ಪನ ಕಾಲದವರು ಮೂರನೇ ಸಾಲಿನವರೆಗೆ ಓದುತ್ತಿದ್ದರೋ, ಅಥವಾ ಕೈಮುಗಿದವರಿಗೆ ಒಂದು ನಲ್ಲಿ ಬಿಸಾಕಿದರೆ ಸಾಕೆಂದು ಅವರೂ ಮೊದಲ ಸಾಲಿಗೇ ನಿಲ್ಲಿಸುತ್ತಿದ್ದರೋ? ಅವಳಿಗೆ ಈಗ ಯಾವುದೂ ಖಾತ್ರಿಯಿರಲಿಲ್ಲ.

"ಒಂದು ವಿಷಯ ಕೇಳಲೇ?" ಅಧಿಕಾರಿ ದನಿ ಇಳಿಸಿದ. "ನಿಮ್ಮ ಭಾಷೆ ಮೇಲಿನವರಿಗೆ ತುಂಬಾ ಹಿಡಿಸಿದೆ. ಈ ಎಲ್ಲರಿಗೂ ಸರ್ಕಾರದಿಂದ ಉತ್ತರ ಹೋಗಬೇಕು. ಬೆಂಬಲಕ್ಕೆ ಕೃತಜ್ಞತೆ, ಅಷ್ಟೇ. ಜನರಿಗೆ ಮುಟ್ಟುವ ಹಾಗೆ ಬರೆಯೋರು ನಮ್ಮಲ್ಲಿಲ್ಲ. ನೀವು ಒಳಗೇ ಬಂದುಬಿಡಿ. ಕೆಳಗಿನ ಹಾಲ್‌ನಲ್ಲಿ ಮೇಜು, ಫ್ಯಾನು. ಮೊದಲು ಒಂದು ವರ್ಷ, ಆಮೇಲೆ ಕಾಯಂ ಮಾಡಿಸೋಣ. ಬಿಸಿಲಲ್ಲಿ ಎಷ್ಟು ದಿನ ಅಂತ ಕೂರ್ತೀರಿ? ಬಿಸಿಲೂ ವರ್ಷದಿಂದ ವರ್ಷಕ್ಕೆ ಹೆಚ್ಚಾಗ್ತಿದೆ."

ಕೊನೆಯ ಮಾತನ್ನು ಅವನು ನಿಜವಾದ ಕಾಳಜಿಯಿಂದಲೇ ಹೇಳಿದ. ಬಿಸಿಲಿಗೂ ತನ್ನ ಹಿಂದಿನ ಕಟ್ಟುಗಳಿಗೂ ಇರುವ ನಂಟು ಅವನಿಗೆ ಹೊಳೆದೇ ಇಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಅಕ್ಕ ತಂಗಿಯ ಕಡೆ ತಿರುಗಿದಳು. ತಂಗಿ ಸಿಡಿಯುತ್ತಾಳೆ, ಸುತ್ತೋಲೆಯನ್ನು ಅವನ ಮುಖಕ್ಕೆ ಎಸೆಯುತ್ತಾಳೆ ಅಂದುಕೊಂಡಿದ್ದಳು. ಸೋಪಿನ ನೀರಿಗೆ ಬಿರುಕುಬಿಟ್ಟ ಬೆರಳುಗಳನ್ನು ತಂಗಿ ಮಡಿಲಲ್ಲಿ ಒಂದರೊಳಗೊಂದು ಹೆಣೆದುಕೊಂಡಿದ್ದಳು.

"ಒಪ್ಕೊಂಡ್ಬಿಡು ಅಕ್ಕಾ," ಎಂದಳು ಮೆಲ್ಲಗೆ. "ಹೋಗಿದ್ದು ಹೋಯ್ತು. ನಿನಗಾದ್ರೂ ಒಂದು ಫ್ಯಾನ್ ಸಿಗಲಿ. ಬೀದಿಯವರಿಗೆ ನಾನು ಏನೋ ಒಂದು ಹೇಳ್ಕೋತೀನಿ."

ಬೈಗುಳವಾಗಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

ಅಧಿಕಾರಿ ಆಗಲೇ ಬಿಳಿ ಹಾಳೆಯೊಂದನ್ನು ಅವಳ ಮುಂದೆ ಸರಿಸಿ, ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಿದ್ದ. "ಒಂದು ಮಾದರಿ ಬರೆದುಕೊಡಿ, ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಬರೆಯಲ್ಲ," ಎಂದಳು ಅಕ್ಕ.