ಕೆಂಪು ಕಾಲುಚೀಲದ ಹಿಮ್ಮಡಿ

ಹೆಲ್ಮೆಟ್ಟಿನೊಳಗೆ ಅವಳದೇ ಉಸಿರು, ಬೆಳಿಗ್ಗೆ ಕುಡಿದ ಕಾಫಿಯ ವಾಸನೆ, ಮುಂಚೆ ಹೊರಟವನ ಸೈಕಲ್ ಎಬ್ಬಿಸಿದ ಧೂಳು ಇನ್ನೂ ಇಳಿದಿಲ್ಲ, ತಿರುವಿನಾಚೆ ಅವನ ಹಳದಿ ಅಂಗಿ ಒಮ್ಮೆ ಕಾಣಿಸಿ ಮಾಯವಾಯಿತು, ಇನ್ನು ಅವಳ ಸರದಿ, ಬಾವುಟದವನು ಗಡಿಯಾರ ನೋಡುತ್ತಲೇ ರೆಡಿನಾ ಮೇಡಂ ಎಂದ, ಅವಳು ತಲೆಯಾಡಿಸಿದಳು, ಆ ಹೆಲ್ಮೆಟ್ಟಿನ ಭಾರಕ್ಕೆ ಅದು ಹೂಂ ಎಂದಂತಾಯಿತೋ ಊಹೂಂ ಎಂದಂತಾಯಿತೋ ಅವನೇ ಹೇಳಬೇಕು. ಮುಂದೆ ದಾರಿ ಖಾಲಿ. ಖಾಲಿ ದಾರಿ ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ — ಗುಡ್ಡ ಇಳಿಯುವ ಸೈಕಲ್ ಸ್ಪರ್ಧೆಯೆಲ್ಲ ಗಂಡನದು, ಅವಳದು ಭಾನುವಾರದ ಇಳಿತ, ಯಾವಾಗಲೂ ಅವನ ಬೆನ್ನಿಗೆ, ಮತ್ತು ಅವಳು ನೋಡುತ್ತಿದ್ದದ್ದು ಕಲ್ಲನ್ನಲ್ಲ, ಬೇರನ್ನಲ್ಲ, ಅವನ ಎಡಗಾಲಿನ ಹಿಮ್ಮಡಿಯನ್ನು, ಬೂಟಿನ ಮೇಲೆ ಇಣುಕುವ ಕೆಂಪು ಕಾಲುಚೀಲವನ್ನು. ಹಿಮ್ಮಡಿ ಕೆಳಗೆ ಒತ್ತಿತೋ, ಇಳಿಜಾರು ಬಂತು, ತಾನೂ ಒತ್ತಬೇಕು. ಮೇಲೆದ್ದಿತೋ, ಪೆಡಲ್ ತುಳಿಯಬಹುದು. ಅಷ್ಟೇ ಅವಳ ವಿದ್ಯೆ. ಇಷ್ಟು ವರ್ಷ ಈ ಗುಡ್ಡ ಇಳಿದವಳಿಗೆ ಗುಡ್ಡವೇ ಗೊತ್ತಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ, ಅವನಂತೂ ನಂಬುವುದಿಲ್ಲ, ನಿಂಗೆ ಕಣ್ಮುಚ್ಚಿ ಬರತ್ತೆ ಬಿಡು ಎನ್ನುತ್ತಾನೆ, ಕಣ್ಣಿನ ಮಾತನ್ನು ಅವನು ಈಗಲೂ ಹಾಗೆ ಸಲೀಸಾಗಿ ಆಡಿಬಿಡುತ್ತಾನೆ.

ಗಂಡನ ಕಣ್ಣಿನಿಂದ ಮೊದಲು ಹೋದದ್ದು ಒಂದು ಅಕ್ಷರ. ಅಂಗಡಿಗಳ ಬೋರ್ಡ್ ಬರೆಯುವವನು, ಗೆರೆ ಹೊಡೆಯದೆ ನೇರ ಬರೆಯುವವನು, ಬಟ್ಟೆ ಅಂಗಡಿಯ ಬೋರ್ಡಿನ ಕೊನೆಯ ಅಕ್ಷರವನ್ನೇ ಬಿಟ್ಟು ಏಣಿಯಿಂದ ಇಳಿದು ಬಂದಿದ್ದ, ಎಲ್ಲರೂ ನಕ್ಕರು, ಅವನೂ ನಕ್ಕ, ಅವಳೂ. ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ಬಡಿಯತೊಡಗಿತು, ಪಕ್ಕದಲ್ಲೇ ಇಟ್ಟ ಲೋಟ ಉರುಳತೊಡಗಿತು, ಡಾಕ್ಟರು ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತೆ ಎಂದರು, ನಿಧಾನವಾಗಿ, ಎಂದೂ ಸೇರಿಸಿದರು, ಅದೇನು ದೊಡ್ಡ ಉಪಕಾರವೋ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಊರಿನವರ ಕಣ್ಣಿಗೆಲ್ಲ ಅಳತೆ ನೋಡಿ ಗಾಜು ಕೂರಿಸಿದ್ದಾಳೆ, ಮನೆಯ ಕಣ್ಣಿಗೆ ಕೂರಿಸುವ ಗಾಜು ಅವಳ ಅಂಗಡಿಯಲ್ಲಿಲ್ಲ, ಯಾರ ಅಂಗಡಿಯಲ್ಲೂ ಇಲ್ಲ. ಈಗ ಬೀದಿಯಲ್ಲಿ ಅವನು ಅವಳ ಭುಜದ ಮೇಲೆ ಕೈಯಿಟ್ಟು ಹಿಂದೆ ನಡೆಯುತ್ತಾನೆ. ಮುಂದಿದ್ದವನು ಹಿಂದಕ್ಕೆ ಬಂದ. ಕೈ ಅದೇ ಕೈ, ಬೆಚ್ಚಗಿದೆ, ರಾತ್ರಿ ಅದೇ ಹಾಸಿಗೆ, ಅದೇ ಗೊರಕೆ, ಎಲ್ಲೂ ಹೋಗಿಲ್ಲ ಅವನು, ಆದರೂ ಅವಳಿಗೆ ಅವನು ಬೇಕು, ಮುಂದೆ ಇರುತ್ತಿದ್ದ ಅವನು, ಬೆನ್ನಿಗೆ ಅಂಟಿದ ಒದ್ದೆ ಅಂಗಿ, ತಿರುವಿನಲ್ಲಿ ಒಂದು ಕ್ಷಣ ಹಿಂತಿರುಗಿ ನೋಡಿ ಬಂದ್ಯಾ ಎಂದು ಕೂಗುವ ಅವನು — ಮನೆಯಲ್ಲೇ ಇರುವವನಿಗಾಗಿ ಹೀಗೆ ಹಂಬಲಿಸುವುದನ್ನು ಯಾರ ಮುಂದೆ ಹೇಳಿಕೊಳ್ಳುವುದು, ಅತ್ತೆಯ ಮುಂದೆಯೇ, ಅವರಿಗೆ ಸೊಸೆ ಈ ವಯಸ್ಸಿನಲ್ಲಿ ಬಿದ್ದು ಹಲ್ಲು ಮುರಿದುಕೊಳ್ಳುತ್ತಾಳೆಂಬುದೊಂದೇ ಚಿಂತೆ.

ಐದು, ಎಂದ ಬಾವುಟದವನು. ಈ ಸಲ ನೀನು ಇಳಿ, ಎಂದಿದ್ದ ಗಂಡ, ಚಪಾತಿ ಹರಿಯುತ್ತಾ, ನನ್ ಸೈಕಲ್ ತಗೋ, ಅದರ ಹಿಂಚಕ್ರದ ಫ್ರೀವೀಲ್ ಕಿರ್ರೋ ಅನ್ನೋ ಸದ್ದು ನಂಗೆ ಗೊತ್ತು, ನಾನು ಕಲ್ಲುಮೆಟ್ಟಿಲ ಕೆಳಗೆ ನಿಂತು ಕೇಳಿಸ್ಕೋತೀನಿ, ನೀನು ಇಳಿದ್ರೆ ನಾನೂ ಇನ್ನೊಂದ್ಸಲ ಇಳಿದ ಹಾಗೆ. ಆಮೇಲೆ, ಭಯ ಆದ್ರೆ ಅಜ್ಜಿ ದಾರಿ ಇದೆಯಲ್ಲ, ಜಲ್ಲಿ ಸದ್ದು ಬಂದ್ರೆ ಗೊತ್ತಾಗತ್ತೆ, ಪರವಾಗಿಲ್ಲ, ಎಂದ. ದಾರಿಯ ಕೊನೆಗೆ ಕಡಿದಾಗಿ ಇಳಿಯುವ ಆ ಕಲ್ಲುಮೆಟ್ಟಿಲಿಗೆ ಹೆದರುವವರಿಗೆಂದು ಎಡಕ್ಕೆ ಜಲ್ಲಿ ಸುರಿದು ಮಾಡಿದ ಸುತ್ತುದಾರಿ ಅದು, ಅಜ್ಜಿ ದಾರಿ ಎಂದೇ ಹೆಸರು. ಆ ಪರವಾಗಿಲ್ಲವನ್ನೂ ಅವಳು ಇವತ್ತು ಹೊತ್ತುಕೊಂಡೇ ಬಂದಿದ್ದಾಳೆ. ನಾಲ್ಕು. ಇವತ್ತು ಬೆಳಿಗ್ಗೆ ಇಬ್ಬರೂ ದಾರಿ ನಡೆದು ನೋಡಿದರು, ನೋಡಿದರು ಎಂದರೆ ಅವಳು ನೋಡಿದಳು, ಅವನು ಹೇಳಿದ, ಭುಜದ ಮೇಲಿನ ಕೈಯಿಂದ ಒತ್ತಿ ಒತ್ತಿ, ಇಲ್ಲೊಂದು ಬೇರು, ಇಲ್ಲಿ ಮಣ್ಣು ಸಡಿಲ, ಇಲ್ಲಿ ಬ್ರೇಕ್ ಮುಟ್ಟಬೇಡ, ಒಂದೂ ತಪ್ಪಲಿಲ್ಲ, ಮೆಟ್ಟಿಲ ತಲೆಯಲ್ಲಿ ನಿಂತು, ಬಿಳೀ ಕಲ್ಲು ಇದೆಯಲ್ಲ, ಅದರ ಬಲಕ್ಕೆ ಹೋಗು, ಎಂದ. ಬಿಳಿ ಕಲ್ಲು ಇರಲಿಲ್ಲ. ಮಳೆಗೆ ಉರುಳಿ ಹೋಗಿರಬೇಕು, ಇದ್ದ ಜಾಗದಲ್ಲಿ ಒಂದು ಗುಂಡಿ. ಇದೆ, ಎಂದಳು ಅವಳು. ಅವನ ಗುಡ್ಡದಿಂದ ಒಂದು ಕಲ್ಲನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಮೂರು, ಎರಡು, ಆಮೇಲಿನದು ಕೇಳಿಸಲಿಲ್ಲ, ಹೊರಟಾಗಿತ್ತು.

ಗಾಳಿ, ಹಲ್ಲು ಕಟಕಟ, ಹ್ಯಾಂಡಲ್ ಕೈಯಲ್ಲಿ ನಿಲ್ಲುತ್ತಿಲ್ಲ, ಬೇರು, ಹೌದು ಇಲ್ಲೇ ಬೇರು ಎಂದಿದ್ದ, ದಾಟಿತು, ಸಡಿಲ ಮಣ್ಣು, ಹಿಂಚಕ್ರ ಜಾರಿ ಮತ್ತೆ ಹಿಡಿಯಿತು, ಬ್ರೇಕ್ ಮುಟ್ಟಬೇಡ, ಮುಟ್ಟಿದಳು, ಥೂ, ಮುಂದೆ ಯಾರೂ ಇಲ್ಲ, ಕಣ್ಣು ಆ ಹಿಮ್ಮಡಿಗಾಗಿ ಹುಡುಕುತ್ತದೆ, ಹುಡುಕಬೇಡ ಎಂದರೂ ಹುಡುಕುತ್ತದೆ, ದಾರಿಯ ನಡುವೆ ಬರೀ ಬಿಸಿಲು, ಬಂದ್ಯಾ ಎಂದು ಕೇಳುವವರಿಲ್ಲ, ಬಂದೆ ಎಂದು ಅವಳೇ ಹೆಲ್ಮೆಟ್ಟಿನೊಳಗೆ ಹೇಳಿಕೊಳ್ಳುತ್ತಾಳೆ, ಬಂದೆ, ಬಂದೆ, ಫ್ರೀವೀಲ್ ಕಿರ್ರೋ ಎನ್ನುತ್ತದೆ, ಅವನಿಗೆ ಈಗ ಕೇಳುತ್ತಿರಬೇಕು, ಕೊನೆಯ ತಿರುವು, ಎಡಕ್ಕೆ ಅಜ್ಜಿ ದಾರಿಯ ಜಲ್ಲಿ, ಎಷ್ಟು ಅಗಲ, ಎಷ್ಟು ಸಮ, ಪರವಾಗಿಲ್ಲ ಎಂದಿದ್ದಾನಲ್ಲ, ಎದುರಿಗೆ ಮೆಟ್ಟಿಲ ತಲೆ, ಬಿಳಿ ಕಲ್ಲಿಲ್ಲ, ಗುಂಡಿ, ಬಲಕ್ಕೆ ಅಂದರೆ ಯಾವುದರ ಬಲಕ್ಕೆ, ಬೆರಳು ಬ್ರೇಕಿನ ಮೇಲೆ ಕಟ್ಟಿಗೆಯಂತೆ ಸೆಟೆದಿದೆ, ಕೆಳಗೆ ಹಗ್ಗ, ಹಗ್ಗದಾಚೆ ಜನ, ಎತ್ತಿದ ಫೋನುಗಳು, ಅವುಗಳ ನಡುವೆ ಅವನು, ಮುಖ ಬೇರೆಲ್ಲೋ ತಿರುಗಿದೆ, ಕಿವಿ ಮಾತ್ರ ಇತ್ತ, ಮಂಡಿ ಸ್ವಲ್ಪ ಮಡಿಸಿ, ಕೈಯೆರಡೂ ಗಾಳಿಯಲ್ಲಿ ಇಲ್ಲದ ಹ್ಯಾಂಡಲ್ ಹಿಡಿದು, ತುದಿಗಾಲಲ್ಲಿ ನಿಂತಿದ್ದಾನೆ, ಪಕ್ಕದವರು ನೋಡಿ ನಗುತ್ತಿದ್ದಾರೇನೋ, ಅವನಿಗೇನು, ಎಡಗಾಲಿನ ಬೂಟಿನ ಮೇಲೆ ಕೆಂಪು ಕಾಲುಚೀಲ, ನೆಲ ಬಿಟ್ಟು ಎತ್ತಿದ ಹಿಮ್ಮಡಿ, ಇನ್ನೂ ಇಲ್ಲ, ಇನ್ನೂ ಇಲ್ಲ, ಕಿರ್ರೋ ಎಂಬ ಸದ್ದು ಮೆಟ್ಟಿಲ ಅಂಚಿಗೆ ಬಂತು, ಹಿಮ್ಮಡಿ ಇಳಿಯಿತು, ಅವಳ ಬೆರಳು ಬ್ರೇಕ್ ಬಿಟ್ಟಿತು, ಹಿಮ್ಮಡಿ, ಮಣ್ಣಿಗೆ ಒತ್ತಿದ ಹಿಮ್ಮಡಿ, ಕೆಂಪು —