ಹೊಟ್ಟೆ ತುಂಬಿದ ಕೌದಿ

ಮೂರನೆಯ ಸಲವೂ ಶೈಲಾ ಫೋನಿನಲ್ಲಿ ಅದನ್ನೇ ಹೇಳಿದರು.

"ಹುಲಿ ಛಲೋ ಐತಿ ಕುಮುದಾ, ಮುದುಕೀನೂ ಛಲೋ ಅದಾಳ. ಆದ್ರ ಇಬ್ರೂ ಫೋಟೋ ತೆಗಿಸ್ಕೊಳ್ಳಾಕ ನಿಂತಂಗ ನಿಂತಾರ. ಕತಿ ಒಳಗ ಇಲ್ಲ ಅವ್ರು."

ಶೈಲಾ ಧಾರವಾಡದಲ್ಲಿ ಮಕ್ಕಳ ಪುಸ್ತಕ ಹೊರತರುವ ಒಂದು ಸಣ್ಣ ಪ್ರಕಾಶನದ ಸಂಪಾದಕಿ. ರಾಯಚೂರು ಸೀಮೆಯ ಒಂದು ಜನಪದ ಕತೆಗೆ ಹದಿನಾರು ಚಿತ್ರ ಬರೆದುಕೊಡು ಎಂದು ಹೈದರಾಬಾದಿನ ಕುಮುದಾಗೆ ಒಪ್ಪಿಸಿದ್ದರು. ಒಳ್ಳೆಯ ಹೆಂಗಸು. ಬೈಯುವುದನ್ನೂ ಬೆನ್ನು ಸವರಿಯೇ ಬೈಯುತ್ತಾರೆ.

"ಇನ್ನ ಇಪ್ಪತ್ತು ದಿನ ಕೊಡ್ತೀನಿ. ಆಗ್ಲೂ ಆಗ್ಲಿಲ್ಲಂದ್ರ ಬೆಂಗಳೂರಾಗ ಒಬ್ರು ಅದಾರ, ಅವ್ರಿಗೆ ಕೊಡ್ತೀನವ್ವ. ತಪ್ಪು ತಿಳ್ಕೋಬ್ಯಾಡ."

ತಪ್ಪು ತಿಳಿಯುವುದಕ್ಕೆ ಏನಿತ್ತು? ಫೋನಿಟ್ಟ ಕುಮುದಾ ನೆಲದ ಮೇಲೆ ಕೂತು ತನ್ನ ಹುಲಿಯನ್ನು ನೋಡಿದಳು. ಹುಲಿಯೂ ಅವಳನ್ನು ನೋಡಿತು.

ಹೈದರಾಬಾದಿನ ಕೊಂಡಾಪುರದಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಪುತ್ತೂರಿನ ಈ ಹುಡುಗಿ ಅಲ್ಲಿಯ ಒಂದು ಕಂಪನಿಯಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಪರದೆಯ ಗುಂಡಿಗಳನ್ನು ಬಿಡಿಸಿದ್ದಳು. ಗುಂಡಿ ಎಂದರೆ ಗುಂಡಿಯೇ: ಹಸಿರು ಗುಂಡಿ, ಕೆಂಪು ಗುಂಡಿ, ಒತ್ತಿದರೆ ಬೂದು ಆಗುವ ಗುಂಡಿ. ಒಂದು ದಿನ ಬೇಸತ್ತು ರಾಜೀನಾಮೆ ಕೊಟ್ಟು, ಚಿಕ್ಕಂದಿನಿಂದ ಆಸೆಪಟ್ಟಿದ್ದ ಮಕ್ಕಳ ಪುಸ್ತಕದ ಚಿತ್ರಕ್ಕೆ ಕೈ ಹಾಕಿದಳು. ಇದು ಮೊದಲ ಪುಸ್ತಕ. ಇದು ಕೈತಪ್ಪಿದರೆ ತಾನು ಗುಂಡಿಗಳಿಗೇ ಸರಿ ಎಂದು ಅವಳ ಮನಸ್ಸು ಆಗಲೇ ತೀರ್ಪು ಬರೆದಿಟ್ಟಿತ್ತು.

ಕತೆ ಇಷ್ಟೇ. ಊರಾಚೆಯ ಮನೆಯಲ್ಲಿ ಒಬ್ಬ ಮುದುಕಿ. ದಿನಾ ಸಂಜೆ ಒಂದು ಹುಲಿ ಅವಳ ಮನೆಯ ಮೇಲೆ ಹತ್ತಿ ಅಡ್ಡಾಡುತ್ತ 'ತಿನ್ನಲಾ?' ಅನ್ನುತ್ತದೆ. 'ಈ ಕೌದಿ ಹೊಲಿದು ಮುಗಿಸುತ್ತೇನೆ, ಆಮೇಲೆ ತಿನ್ನುವಿಯಂತೆ' ಅನ್ನುತ್ತಾಳೆ ಮುದುಕಿ. ಹಳೆಯ ಸೀರೆ ಧೋತರದ ತುಂಡುಗಳನ್ನು ಸೇರಿಸಿ ಹೊಲಿಯುವ ಹೊದಿಕೆ ಕೌದಿ. ಊರವರು ದಿನಕ್ಕೊಬ್ಬರಂತೆ ತುಂಡು ಬಟ್ಟೆ ತಂದುಕೊಡುತ್ತಾರೆ, ಕೌದಿ ಮುಗಿಯುವುದೇ ಇಲ್ಲ. ಕಡೆಗೆ ಚಳಿಗಾಲ ಬಂದು ಹುಲಿ ಗಡಗಡ ನಡುಗುವಾಗ ಮುದುಕಿ ಕನಿಕರಪಟ್ಟು ಕೌದಿ ಮುಗಿಸಿ ಅದಕ್ಕೇ ಹೊದಿಸುತ್ತಾಳೆ. ಹುಲಿ ಮಲಗುತ್ತದೆ. ಬೆಳಗ್ಗೆ ಎದ್ದು, ಅವಳನ್ನು ತಿನ್ನದೆ ಹೊರಟುಹೋಗುತ್ತದೆ.

ಯಾಕೆ ತಿನ್ನಲಿಲ್ಲ? ಶೈಲಾ ಕಳಿಸಿದ ಹಾಳೆಗಳಲ್ಲಿ ಅದು ಇರಲಿಲ್ಲ. ಕುಮುದಾ ಕೊನೆಯ ಚಿತ್ರದ ಹುಲಿಗೆ ಒಮ್ಮೆ ಕಣ್ಣೀರು ಬರಿಸಿದಳು, ಒಮ್ಮೆ ನಗು ಬರಿಸಿದಳು. ಯಾವುದೂ ಒಗ್ಗಲಿಲ್ಲ. ಮೊದಲು ವಾಟರ್ ಕಲರಿನಲ್ಲಿ ಬರೆದಳು, ಆಮೇಲೆ ನಿಬ್ಬಿನ ಪೆನ್ನಿನಲ್ಲಿ ಕೂದಲೆಳೆ ಗೆರೆ ಎಳೆದಳು, ಆಮೇಲೆ ಕಂಪ್ಯೂಟರಿನಲ್ಲಿ. ಕಾಗದ ಸರಿಯಿಲ್ಲ ಅಂದಳು, ಬ್ರಶ್ಶು ಸರಿಯಿಲ್ಲ ಅಂದಳು. ಕುಣಿಯಲಾರದವಳಿಗೆ ನೆಲ ಡೊಂಕು. ಗಂಡ ದಿನೇಶ ಆಫೀಸಿನಿಂದ ಬಂದು ಶೂ ಬಿಚ್ಚುತ್ತ, "ಹುಲಿಗೆ ಇನ್ನೂ ನಾಲ್ಕು ಪಟ್ಟೆ ಹಾಕಿ ನೋಡು" ಅಂದ. ಅವತ್ತು ಅವನಿಗೆ ತಣ್ಣನೆಯ ಅನ್ನ.

ಮಾರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನಿಲ್ಲದೆ ಬಣ್ಣ ಒಣಗದು. ಕುಮುದಾ ಮತ್ತೆ ವಾಟರ್ ಕಲರಿನಲ್ಲಿ ಬರೆದು ನೋಡಿದ್ದ ಒದ್ದೆ ಹಾಳೆಗಳನ್ನು ಕೆಳಗೆ ಒಯ್ದು, ಗಾಳಿಯಾಡುವ ಪಾರ್ಕಿಂಗ್ ಜಾಗದಲ್ಲಿ ಹರವಿ, ಮೂಲೆಗೊಂದು ಕಲ್ಲಿಟ್ಟು ಕಾಯುತ್ತ ಕೂತಳು.

ಎದುರಿಗೆ ಹನ್ನೆರಡು ಮಹಡಿಯ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವ ಹೆಂಗಸರು ಈ ಅಪಾರ್ಟ್‌ಮೆಂಟಿನ ನಲ್ಲಿಗೇ ಕೊಡ ತರುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಅವರಲ್ಲೊಬ್ಬಳು, ಐವತ್ತು ದಾಟಿದ ಗಟ್ಟಿ ಆಳು, ಮೂರು ತಿಂಗಳಿಂದ ಕುಮುದಾಗೆ ಮುಖಪರಿಚಯ. ಇವಳು ಹರಕು ತೆಲುಗಿನಲ್ಲಿ ಊಟ ಆಯಿತಾ ಅನ್ನುವಳು, ಅವಳು ಇನ್ನೂ ಹರಕು ತೆಲುಗಿನಲ್ಲಿ ಆಯಿತು ಅನ್ನುವಳು. ಅವತ್ತು ಆ ಹೆಂಗಸು ಹಾಳೆಗಳ ಮೇಲೆ ಬಗ್ಗಿ ನೋಡಿ, ಕೊಡ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯ ಶಿವನ! ಈ ಹುಲಿ ಇನ್ನೊಂದು ಹೆಜ್ಜಿ ಇಟ್ರ ಜಾರಿ ಅಂಗಳಕ್ಕ ಬೀಳ್ತೈತಿ!"

ಕುಮುದಾ ಬೆಚ್ಚಿದಳು. "ನಿಮಗೆ ಕನ್ನಡ ಬರ್ತದಾ?"

"ನಿಮಗ ಬರ್ತೈತೇನ್ರಿ?" ಅಂದಳು ಅವಳು, ಇನ್ನೂ ಬೆರಗಾಗಿ.

ಮೂರು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ತೆಲುಗಿನವರೆಂದು ತಿಳಿದು ತೆಲುಗಿನ ಕೈಕಾಲು ಮುರಿದಿದ್ದರು. ಹೆಂಗಸಿನ ಹೆಸರು ಗುಂಡಮ್ಮ, ಲಿಂಗಸುಗೂರಿನ ಕಡೆಯವಳು.

"ಹುಲಿ ಯಾಕೆ ಜಾರ್ತದೆ?" ಕುಮುದಾ ಸ್ವಲ್ಪ ಮುನಿದೇ ಕೇಳಿದಳು.

ಗುಂಡಮ್ಮ ಚಿತ್ರದ ಮನೆಗೆ ಬೆರಳು ತೋರಿಸಿದಳು. ಎರಡೂ ಕಡೆ ಇಳಿಜಾರಾದ, ಕೆಂಪು ಹಂಚಿನ ಮಾಡು. "ಇಂಥಾ ಮನಿ ಮ್ಯಾಲೆ ಹುಲಿ ಹೆಂಗ ಅಡ್ಡಾಡ್ತೈತ್ರಿ?"

"ನಮ್ಮೂರಲ್ಲಿ ಮನೆ ಹೀಗೇ ಇರುವುದು ಮಾರಾಯ್ರೇ."

"ನಿಮ್ಮೂರಾಗ ಹುಲಿ ಮನಿ ಮ್ಯಾಲೆ ಅಡ್ಡಾಡ್ತೈತೇನು?"

"ಇಲ್ಲ."

"ಮತ್ತ!"

ಕುಮುದಾಗೆ ಮುಖ ಬಿಸಿಯಾಯಿತು. ಮೂರು ಸಲ ಬರೆದ ನಲವತ್ತೆಂಟು ಚಿತ್ರಗಳಲ್ಲಿಯೂ ಮನೆ ಪುತ್ತೂರಿನದು, ಹುಲಿ ರಾಯಚೂರಿನದು. ಮಾಡು ಎಂದರೆ ಹಂಚಿನದು ಎಂದು ಅವಳ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಕಣ್ಣು ಒಮ್ಮೆಯೂ ಪ್ರಶ್ನೆ ಕೇಳಿರಲಿಲ್ಲ.

"ನಮ್ಮವು ಮಣ್ಣಿನ ಮ್ಯಾಳಗಿ ಮನಿ," ಅಂದಳು ಗುಂಡಮ್ಮ. "ಮ್ಯಾಲೆ ಸಪಾಟ. ಅಲ್ಲೇ ಮೆಣಸಿನಕಾಯಿ ಒಣಗಸ್ತೀವಿ, ಬ್ಯಾಸಗ್ಯಾಗ ಅಲ್ಲೇ ಮಲಗ್ತೀವಿ. ನಡುವ ಬೆಳಕು ಬರಾಕ ಒಂದು ಕಿಂಡಿ ಇರ್ತೈತಿ. ಆ ಕಿಂಡ್ಯಾಗ ಮಾರಿ ಇಟ್ಟು ಹುಲಿ ಮುದುಕಿನ್ನ ಮಾತಾಡಸ್ತೈತಿ."

"ನಿಮಗೆ ಈ ಕತೆ ಗೊತ್ತುಂಟಾ!"

"ಗೊತ್ತಿರಲಾರದೇನು? ನಮ್ಮವ್ವ ಹೇಳಾಕಿ."

ಮರುದಿನದಿಂದ ಊಟದ ಬಿಡುವಿನಲ್ಲಿ ಗುಂಡಮ್ಮ ಪಾರ್ಕಿಂಗಿಗೆ ಬಂದು, ರೊಟ್ಟಿಯ ಗಂಟು ಬಿಚ್ಚಿ, ಉಣ್ಣುತ್ತಲೇ ಕತೆ ಹೇಳಿದಳು. ಹೇಳಿದಳು ಅಂದರೆ ಸಾಲದು. ಹುಲಿ ಮಾತಾಡುವಾಗ ಅವಳ ಗಂಟಲು ದಪ್ಪವಾಗುತ್ತಿತ್ತು, ಮುದುಕಿ ಮಾತಾಡುವಾಗ ಒಡೆದು ಗದರುತ್ತಿತ್ತು, ಚಳಿಗಾಳಿಗೆ ಹಲ್ಲಿನ ಸಂದಿಯಿಂದ ಸುಯ್ ಅನ್ನುತ್ತಿದ್ದಳು. ಹುಲಿಯ ಹೆಜ್ಜೆ ಬಂದಾಗ ಮುಷ್ಟಿಯಿಂದ ನೆಲವನ್ನು ಗುದ್ದುತ್ತಿದ್ದಳು. ವಾಚ್‌ಮನ್ ಕೂಡ ಕುರ್ಚಿ ಎಳೆದುಕೊಂಡು ಬಂದು ಕೂತ, ಅವನಿಗೆ ಕನ್ನಡದ ಒಂದಕ್ಷರ ತಿಳಿಯದಿದ್ದರೂ.

ಕುಮುದಾ ಬರೆಯುವುದನ್ನು ಬಿಟ್ಟು ಕೇಳುತ್ತಿದ್ದಳು. ಈ ಹೆಂಗಸಿಗೆ ಒಂದೊಂದು ಜೀವಕ್ಕೂ ಒಂದೊಂದು ದನಿ ಇದೆ, ತಾನು ಮಾತ್ರ ಹುಲಿಯನ್ನೂ ಮುದುಕಿಯನ್ನೂ ಗಾಳಿಯನ್ನೂ ಒಂದೇ ಬ್ರಶ್ಶಿನಲ್ಲಿ ಮಾತಾಡಿಸುತ್ತಿದ್ದೇನೆ ಎಂದು ಅವಳಿಗೆ ಹೊಳೆದದ್ದು ಆಗಲೇ. ಬ್ರಶ್ಶು ಬದಲಾಯಿಸಿದಾಗ ಎಲ್ಲರಿಗೂ ಒಟ್ಟಿಗೆ ಬದಲಾಯಿಸಿದ್ದಳು, ಅಷ್ಟೇ.

"ಗುಂಡಮ್ಮಾ, ಆ ಮುಷ್ಟಿ ಇನ್ನೊಮ್ಮೆ ಗುದ್ದಿ. ಇಲ್ಲಿ, ಈ ಹಾಳೆ ಮೇಲೆ."

ಕುಮುದಾ ಇಟ್ಟಿಗೆಯ ಪುಡಿಗೆ ಗೋಂದು ಕಲಸಿದಳು, ಗುಂಡಮ್ಮ ಅದರಲ್ಲಿ ಮುಷ್ಟಿಯ ಅಂಚನ್ನು ಅದ್ದಿ ಒತ್ತಿದಳು, ಮೇಲೆ ನಾಲ್ಕು ಬೆರಳ ತುದಿ ಚುಕ್ಕೆ ಇಟ್ಟಳು. ಹುಲಿಯ ಹೆಜ್ಜೆ ಮೂಡಿತು. ಭಾರವಿತ್ತು ಆ ಹೆಜ್ಜೆಗೆ, ಮೂವತ್ತು ವರ್ಷ ಬುಟ್ಟಿ ಹೊತ್ತ ಕೈಯಲ್ಲವೇ.

ಅಲ್ಲಿಂದ ಕುಮುದಾಗೆ ಹಸಿವು ನಿದ್ದೆಯ ಪರಿವೆ ಇಲ್ಲ. ಹುಲಿಯನ್ನು ಇಡಿಯಾಗಿ ಇಟ್ಟಿಗೆ ಪುಡಿಯಲ್ಲಿ ಅಂಗೈಯಿಂದಲೇ ಒತ್ತಿ ಮಾಡಿದಳು. ಊರನ್ನು ಇದ್ದಲಿನಲ್ಲಿ ಬರೆದಳು. ಚಳಿಗಾಳಿಗೆ ಹಾಳೆಯ ಮೇಲೆ ಮೇಣದ ಬತ್ತಿ ಉಜ್ಜಿ ಮೇಲೆ ನೀಲಿ ನೀರು ಹರಿಸಿದಾಗ, ಮೇಣ ಇದ್ದಲ್ಲಿ ನೀರು ನಿಲ್ಲದೆ ಬಿಳಿಯ ಗೆರೆಗಳು ತಾವಾಗಿ ಎದ್ದವು. ಬ್ರಶ್ಶು ಉಳಿದದ್ದು ಮಾಳಿಗೆಯ ಮೆಣಸಿನಕಾಯಿಗೆ ಮಾತ್ರ. ಮುದುಕಿಯನ್ನು ಬರೆಯಲೇ ಇಲ್ಲ, ಬಟ್ಟೆಯ ತುಂಡುಗಳಲ್ಲಿ ಹೊಲಿದಳು. ಆ ತುಂಡುಗಳನ್ನು ಕೊಟ್ಟವಳೂ ಗುಂಡಮ್ಮನೇ, ಜೊತೆಗೆ ಹೊಲಿಗೆಯ ಪಾಠ: "ಟಾಕಿ ಸಣ್ಣದು ಹಾಕ್ರಿ ಅಕ್ಕಾರ, ಗೋಣಿಚೀಲ ಹೊಲದಂಗ ಹೊಲಿಬ್ಯಾಡ್ರಿ."

ಹದಿನೈದು ಚಿತ್ರ ಮುಗಿದವು. ಕೊನೆಯದೊಂದು ಉಳಿಯಿತು, ಕೈಯಲ್ಲಿ ಮೂರು ದಿನ.

"ಹುಲಿ ಯಾಕೆ ತಿನ್ನಲಿಲ್ಲ ಗುಂಡಮ್ಮಾ?"

ಗುಂಡಮ್ಮ ಅವಳ ಮುಖವನ್ನೇ ನೋಡಿದಳು. "ರೊಟ್ಟಿ ವಿಷಯ ಬರದಿಲ್ಲೇನು ಅದರಾಗ?"

"ಯಾವ ರೊಟ್ಟಿ?"

"ಕೌದಿ ಕಡೀ ಮೂಲಿ ಮುಚ್ಚೂ ಮುಂದ ಒಂದು ರೊಟ್ಟಿ ಚೂರು ಒಳಗಿಟ್ಟು ಹೊಲಿತೀವಿ. ಕೌದಿ ಹೊಟ್ಟಿ ತುಂಬಸೂದು ಅಂತಾರ. ಹಸದ ಕೌದಿ ಹೊತ್ಕೊಂಡ್ರ ನಿದ್ದಿ ಹತ್ತಂಗಿಲ್ಲ. ಮುದುಕಿ ತಾ ಉಣ್ಣೂ ರೊಟ್ಟ್ಯಾಗ ಮುರದು ಇಟ್ಟಿದ್ಳು. ಅದನ್ನ ಹೊತ್ಕೊಂಡು ಹುಲಿ ಹೊಟ್ಟಿ ತಣ್ಣಗಾತು." ಆಮೇಲೆ ಮಕ್ಕಳಿಗೆ ಹೇಳುವಂತೆ ಹೇಳಿದಳು. "ಉಂಡ ಮನಿಗಿ ಎರಡು ಬಗೀಬಾರ್ದು ಅಂತ ಹುಲಿಗೂ ಗೊತ್ತೈತ್ರಿ."

ಕತೆ ಬರೆದುಕೊಂಡ ಪುಣ್ಯಾತ್ಮರು ಯಾರೋ ರೊಟ್ಟಿಯನ್ನು ಬಿಟ್ಟೇ ಬಿಟ್ಟಿದ್ದರು. ರೊಟ್ಟಿಯಿಲ್ಲದ ಕತೆಗೆ ಕಣ್ಣೀರು ಬರೆದರೆಷ್ಟು, ನಗು ಬರೆದರೆಷ್ಟು?

ಕೊನೆಯ ಹಾಳೆಯ ತುಂಬ ಕುಮುದಾ ಒಂದು ಪುಟ್ಟ ಕೌದಿಯನ್ನೇ ಹೊಲಿದಳು. ಅದರ ಕೆಳಗಿಂದ ಹುಲಿಯ ಮೂಗು ಮತ್ತು ಒಂದು ಪಂಜ ಮಾತ್ರ ಕಾಣುತ್ತಿತ್ತು. ಬಲಮೂಲೆ ಮುಚ್ಚುವ ಹೊತ್ತಿಗೆ ಗುಂಡಮ್ಮ ತನ್ನ ಗಂಟಿನಿಂದ ಒಣಗಿ ಗಟ್ಟಿಯಾದ ಕಟಿ ಜೋಳದ ರೊಟ್ಟಿಯ ಉಗುರಗಲದ ಚೂರು ಮುರಿದುಕೊಟ್ಟಳು. ಒಳಗಿಟ್ಟು ಹೊಲಿದರು. ಹದಿನಾರು ಚಿತ್ರಗಳು ಕೊರಿಯರಿನಲ್ಲಿ ಧಾರವಾಡಕ್ಕೆ ಹೋದವು.

ನಾಲ್ಕನೆಯ ದಿನ ಶೈಲಾರ ಫೋನು. "ಕುಮುದಾ, ಹುಲಿ ಉಸಿರಾಡಾಕತ್ತೈತಿ."

ಕುಮುದಾಗೆ ಅಳು ಬಂದುಬಿಟ್ಟಿತು.

"ಕೇಳು ಇಲ್ಲೆ. ಒಂದ ಒಂದು ತೊಡಕೈತಿ. ಕಡೀ ಹಾಳಿ ಮೂಲಿ ಉಬ್ಬೈತಿ. ಸ್ಕ್ಯಾನ್ ಮಾಡಿದ್ರ ಕರಿ ನೆರಳು ಬೀಳಾಕತ್ತೈತಿ. ಪ್ರೆಸ್ಸಿನವ್ರು ಕಲೆ ಬಿದ್ದಂಗ ಕಾಣ್ತೈತಿ, ಬಿಚ್ಚಿ ತೆಗೀರಿ ಅಂತಾರ. ಏನೈತಿ ಅದರಾಗ?"

"ರೊಟ್ಟಿ."

ಕುಮುದಾ ಎಲ್ಲವನ್ನೂ ಹೇಳಿದಳು. ನಾಲ್ಕು ವರ್ಷ ಯಾರು ಏನು ಹೇಳಿದರೂ 'ಸರಿ' ಎಂದು ಗುಂಡಿಯ ಬಣ್ಣ ಬದಲಾಯಿಸಿದವಳು, ಈಗ ಅಲ್ಲಿಗೇ ನಿಲ್ಲಿಸದೆ ಮುಂದುವರಿಸಿದಳು: "ಅದನ್ನು ಬಿಚ್ಚಿದರೆ ಹುಲಿ ಅಜ್ಜಿಯನ್ನು ತಿಂತದೆ ಮೇಡಂ. ರೊಟ್ಟಿ ಕತೆಯಲ್ಲೂ ಬರಬೇಕು, ಗುಂಡಮ್ಮನ ಹೆಸರು ಪುಸ್ತಕದಲ್ಲೂ ಬರಬೇಕು. ಆಗುವುದಿಲ್ಲ ಅಂದರೆ ಚಿತ್ರ ವಾಪಸು ಕಳಿಸಿ. ಬೆಂಗಳೂರಿನವರಿಗೇ ಕೊಡಿ."

"ನೋಡ್ತೀನಿ" ಎಂದು ಶೈಲಾ ಫೋನಿಟ್ಟರು. ಎರಡು ದಿನ ಸದ್ದಿಲ್ಲ. ಆ ಎರಡು ದಿನ ಕುಮುದಾ ತನ್ನ ನಾಲಗೆಯನ್ನು ನೂರು ಸಲ ಶಪಿಸಿದಳು, ಆದರೆ ಒಂದು ಸಲವೂ ಫೋನ್ ಎತ್ತಿ 'ಬಿಚ್ಚಿ' ಅನ್ನಲಿಲ್ಲ. ಮೂರನೆಯ ದಿನ ಒಂದು ಎಸ್ಸೆಮ್ಮೆಸ್ಸು ಬಂತು: ನೆರಳು ಇರಲಿ. ರೊಟ್ಟಿ ಕತೆಗೂ ಸೇರಿತು. ಗುಂಡಮ್ಮನ ಹೆಸರು ಮೇಲೆ, ನಿನ್ನದು ಕೆಳಗೆ.

ಪುಸ್ತಕ ಅಚ್ಚಾಗಿ ಬರುವಾಗ ಸಂಕ್ರಾಂತಿ ಕಳೆದಿತ್ತು. ಎದುರಿನ ಕಟ್ಟಡಕ್ಕೆ ಗಾಜು ಕೂತಿತ್ತು, ಕೆಲಸದವರು ಗಂಟುಮೂಟೆ ಕಟ್ಟಿ ಹೋಗಿದ್ದರು. ಗುಂಡಮ್ಮ ಹೇಳಿ ಹೋಗಲು ಬಂದಿದ್ದಳಂತೆ, ಆಗ ಕುಮುದಾ ಊರಿಗೆ ಹೋಗಿದ್ದಳು. ಆ ಕಟ್ಟಡದ ಮೇಸ್ತ್ರಿ ಬಂಡೆಪ್ಪ ಎಂಬವನನ್ನು ಹುಡುಕಿ ಕೇಳಿದರೆ, ನಗರದ ಇನ್ನೊಂದು ಕಡೆಯ ಬಾಲಾನಗರದಲ್ಲಿ ಕಾರ್ಖಾನೆಯ ಶೆಡ್ಡು ಕಟ್ಟುತ್ತಿದ್ದಾಳೆ ಅಂದ. ಕುಮುದಾ ಅವತ್ತೇ ಬಸ್ಸು ಹತ್ತಿದಳು. ಊಟ ಮಾಡಲೂ ನಿಲ್ಲಲಿಲ್ಲ.

ಗುಂಡಮ್ಮ ಸಿಮೆಂಟ್ ಚೀಲಗಳ ನೆರಳಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಕುಮುದಾಳನ್ನು ಕಂಡು ಎದ್ದುನಿಂತಳು. ಪುಸ್ತಕ ಕಂಡು ಮತ್ತೆ ಕೂತಳು. ಕೈಯನ್ನು ಎರಡು ಸಲ ತೊಳೆದು, ಸೆರಗಿಗೆ ಒರೆಸಿ, ಆಮೇಲೆ ತೆಗೆದುಕೊಂಡಳು.

"ಇಲ್ಲಿ ನಿಮ್ಮ ಹೆಸರುಂಟು," ಅಂದಳು ಕುಮುದಾ. "ಕತೆ ಹೇಳಿದವರು, ಗುಂಡಮ್ಮ."

ಓದು ಬಾರದ ಗುಂಡಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಹಾಳೆ ತಿರುವಿದಳು. ಹುಲಿಯ ಹೆಜ್ಜೆ ಬಂದಾಗ ಅದರ ಮೇಲೆ ತನ್ನ ಮುಷ್ಟಿ ಇಟ್ಟು, ಸರಿಯಾಗಿ ಕೂತದ್ದು ನೋಡಿ ನಕ್ಕಳು. ಸಪಾಟು ಮಾಳಿಗೆ, ಕಿಂಡಿ, ಮೆಣಸಿನಕಾಯಿ, ಎಲ್ಲಕ್ಕೂ ಹೂಂ ಅಂದಳು. ಕೊನೆಯ ಪುಟ ಬಂತು. ಕೌದಿಯ ಬಲಮೂಲೆಯಲ್ಲಿ ಸಣ್ಣ ನೆರಳು. ಗುಂಡಮ್ಮ ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು. ಅವಳ ನಗು ನಿಂತಿತು.

"ಬಿಚ್ಚಿಲ್ಲ," ಅಂದಳು ಮೆಲ್ಲಗೆ.

"ಬಿಚ್ಚಲು ಬಿಡಲಿಲ್ಲ," ಅಂದಳು ಕುಮುದಾ. "ನೀವು ಸಿಗದೇ ಇದ್ದಿದ್ದರೆ ನನ್ನ ಹುಲಿ ಇವತ್ತಿಗೂ ಹಂಚಿನ ಮೇಲೆ ಜಾರುತ್ತಿತ್ತು ಗುಂಡಮ್ಮಾ. ನಿಮ್ಮ ಉಪಕಾರ ನಾನು ಯಾವತ್ತೂ..."

ಮುಂದಕ್ಕೆ ಹೇಳಲು ಗುಂಡಮ್ಮ ಬಿಡಲಿಲ್ಲ. ಅವಳ ಕಣ್ಣು ತುಂಬಿತ್ತು, ಆದರೆ ದನಿ ಮಾತ್ರ ಕತೆಯ ಮುದುಕಿಯದು, ಗದರುವ ದನಿ.

"ಕೌದಿ ಹೊಟ್ಟಿ ತುಂಬೈತಿ. ಹೊಲದಾಕಿ ಹೊಟ್ಟಿ? ಉಂಡ್ರೇನು?"

ಕುಮುದಾ ಇಲ್ಲವೆಂದು ತಲೆಯಾಡಿಸಿದಳು.

ಗುಂಡಮ್ಮ ತನ್ನ ರೊಟ್ಟಿಯನ್ನು ನಡುವೆ ಮುರಿದು, ಅರ್ಧಕ್ಕೆ ಖಾರ ಹಚ್ಚಿ ಕೊಟ್ಟಳು. ಕುಮುದಾ ಚೀಲದ ಮೇಲೆ ಅವಳ ಪಕ್ಕ ಕೂತು, ಒಂದು ಚೂರೂ ಬಿಡದೆ ತಿಂದಳು.